ತಂತಿಯ ಮೇಲಿನ ಎಣ್ಣೆಬಟ್ಟೆ

ಕಳೆದ ವಾರ ನಮ್ಮ ಮನೆಯ ಮುಂಬಾಗಿಲಿಗೆ ಪಾಲಿಶ್ ಮಾಡಿಸಿದೆವು. ಬಡಗಿ ಅಗಸೆ ಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಬಾಗಿಲನ್ನು ತಿಕ್ಕಿ ತಿಕ್ಕಿ ಹೊಳಪು ಬರಿಸಿ, ಆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಯಲ್ಲಿದ್ದ ರಟ್ಟಿನ ಡಬ್ಬದೊಳಗೆ ಎಸೆದ. ಅಡುಗೆಮನೆಯಲ್ಲಿದ್ದ ನನಗೆ ಆ ವಾಸನೆ ಬಂತು... ಒಂದಿಷ್ಟು ಕಮಟು, ಒಂದಿಷ್ಟು ಸಿಹಿ. ಒಲೆ ಆರಿಸಿ ಓಡಿಬಂದವಳೇ ಡಬ್ಬದಿಂದ ಬಟ್ಟೆ ಎಳೆದು, ಬಿಡಿಸಿ, ಹಿತ್ತಿಲಲ್ಲಿ ಬಟ್ಟೆ ಒಣಹಾಕುವ ತಂತಿಯ ಮೇಲೆ ಹರವಿದೆ. ನಮ್ಮ ಯಜಮಾನರು, "ಚಿಂದಿಗೂ ಒಂದು ಮಡಿ ಕಂಡುಹಿಡಿದೆಯಲ್ಲೇ" ಎಂದು ನಕ್ಕರು. ನಗಲಿ, ಅವರಿಗೆ ಗೊತ್ತಿಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ನಾನು ಹೇಳಿಲ್ಲ.

ಮದುವೆಗೆ ಮುಂಚೆ ಗೆಜ್ಜಲಗೆರೆಯಲ್ಲಿ ಬಾಗಿಲು, ಕಿಟಕಿ ಮಾಡುವ ಒಂದು ಫ್ಯಾಕ್ಟರಿಯಲ್ಲಿ ನಾನು ಆಫೀಸು ಕೆಲಸಕ್ಕಿದ್ದೆ. ಬೆಳಿಗ್ಗೆ ಮಳವಳ್ಳಿಯಲ್ಲಿ ಬಸ್ಸು ಹತ್ತಿ, ಮದ್ದೂರಲ್ಲಿ ಇಳಿದು, ಇನ್ನೊಂದು ಹತ್ತಿ ಹೋಗುತ್ತಿದ್ದೆ. ಮ್ಯಾನೇಜರು ನನಗೆ ಒಪ್ಪಿಸಿದ್ದು ಕಸದ ಉಸ್ತುವಾರಿ. ಫ್ಯಾಕ್ಟರಿಯಿಂದ ಆಚೆ ಹೋಗುವ ಕಸ ಕಡಿಮೆಯಾಗಬೇಕು, ಮತ್ತೆ ಬಳಕೆಗೆ ಬರುವುದನ್ನೆಲ್ಲ ಬೇರೆ ಬೇರೆ ಮಾಡಬೇಕು. ನಮ್ಮ ಬಾಗಿಲು ಕೊಳ್ಳಲಿದ್ದ ದೊಡ್ಡ ಕಂಪನಿಯವರು ಬಂದು ಅದನ್ನೇ ನೋಡುತ್ತಾರಂತೆ. ಅವರು ಒಪ್ಪಿದರೆ ನನ್ನ ಕೆಲಸ ಖಾಯಂ, ಇಲ್ಲದಿದ್ದರೆ ಮನೆಗೆ. ನಾನು ಮೊದಲೇ ಹುಟ್ಟು ಅಂಜುಬುರುಕಿ. ಅಪ್ಪ ಮೇಷ್ಟ್ರು, ಅಜ್ಜ ಮೇಷ್ಟ್ರು. ನಮ್ಮ ಮನೆಯಲ್ಲಿ ಕೆಲಸ ಕಳೆದುಕೊಂಡು ಬಂದವರು ಒಬ್ಬರೂ ಇರಲಿಲ್ಲ. ದಿನಾ ಬಸ್ಸಿನಲ್ಲಿ ಅದೇ ಯೋಚನೆ.

ನಾಲ್ಕು ಡ್ರಮ್ಮಿಗೆ ನಾಲ್ಕು ಬಣ್ಣ ಬಳಿಸಿ, ಮರ, ರಟ್ಟು, ಪ್ಲಾಸ್ಟಿಕ್, ಬಟ್ಟೆ ಎಂದು ನಾನೇ ದುಂಡಗೆ ಬರೆದೆ. ಜನ ಎಲ್ಲಾ ಡ್ರಮ್ಮಿಗೂ ಎಲ್ಲವನ್ನೂ ಹಾಕಿದರು, ಗುಟ್ಕಾ ಚೀಟಿಯನ್ನೂ ಸೇರಿಸಿ. ಆಗ ಕಸದ ಷೆಡ್ಡಿನಲ್ಲಿ ವಿಂಗಡಿಸುವ ಕೆಲಸಕ್ಕಿದ್ದ ಹೆಂಗಸು ಒಂದು ಉಪಾಯ ಮಾಡಿದರು. ಐವತ್ತರ ಮೇಲಿನ ವಯಸ್ಸು, ಆತಗೂರಿನ ಕಡೆಯವರು, ಓದು ಬಾರದು. ಫ್ಯಾಕ್ಟರಿಯವರೆಲ್ಲ ಷೆಡ್ಡಮ್ಮ ಅನ್ನುತ್ತಿದ್ದರು. ಒಂದು ಡ್ರಮ್ಮಿನ ಕಿವಿಗೆ ಮರದ ಚಕ್ಕೆ, ಒಂದಕ್ಕೆ ರಟ್ಟಿನ ತುಂಡು, ಹೀಗೆ ಯಾವುದರೊಳಗೆ ಏನು ಬೀಳಬೇಕೋ ಅದನ್ನೇ ಹೊರಗೆ ದಾರ ಕಟ್ಟಿ ನೇತುಹಾಕಿದರು. ವಾರದೊಳಗೆ ಕಲಬೆರಕೆ ನಿಂತುಹೋಯಿತು. ಮ್ಯಾನೇಜರು ನನ್ನನ್ನು ಹೊಗಳಿದರು. ಉಪಾಯ ಯಾರದ್ದೆಂದು ನಾನು ಹೇಳಲಿಲ್ಲ. ಅಷ್ಟು ವಯಸ್ಸಾದವರನ್ನು "ಬಾ, ಹೋಗು" ಎಂದೇ ಮಾತಾಡಿಸುತ್ತಿದ್ದೆ ಬೇರೆ. ಈಗ ಬರೆಯುವಾಗ ಗೌರವ ಕೊಡುವುದು ಸುಲಭ.

ಬಟ್ಟೆಯ ಡ್ರಮ್ಮೊಂದನ್ನು ಮಾತ್ರ ಅವರು ತುಂಬಲು ಬಿಡುತ್ತಿರಲಿಲ್ಲ. ಪಾಲಿಶ್ ಮಾಡುವವರು ಎಸೆದ ಎಣ್ಣೆಬಟ್ಟೆಗಳನ್ನು ಆಗಾಗ ಆಯ್ದು, ಒಂದೊಂದನ್ನೂ ಬಿಡಿಸಿ, ಷೆಡ್ಡಿನ ಹೊರಗೆ ಕಟ್ಟಿದ ಉದ್ದನೆಯ ತಂತಿಯ ಮೇಲೆ ಒಂದಕ್ಕೊಂದು ತಾಗದ ಹಾಗೆ ಹರವುತ್ತಿದ್ದರು. ಒಣಗಿ ಸೆಟೆದುಕೊಂಡ ಮೇಲೆಯೇ ಗಂಟು. ಸಂಜೆ ಮನೆಗೆ ಹೋಗುವ ಮುಂಚೆ ಪ್ರತಿ ಡ್ರಮ್ಮಿನೊಳಗೂ ಬಲಗೈಯನ್ನು ಮೊಣಕೈವರೆಗೆ ತೂರಿಸಿ, ಕಣ್ಣು ಮುಚ್ಚಿ ಒಂದು ಗಳಿಗೆ ನಿಲ್ಲುತ್ತಿದ್ದರು, ಜ್ವರ ಬಂದ ಮಗುವಿನ ಮೈ ಮುಟ್ಟಿ ನೋಡುವವರ ಹಾಗೆ.

ಅದೇನು ಹುಡುಕುತ್ತೀಯ ಎಂದು ಒಂದು ದಿನ ಕೇಳಿದೆ.

"ಬೆಂಕಿಯ" ಅಂದರು. ನಾನು ನಕ್ಕೆ. ಅವರು ನಗಲಿಲ್ಲ. "ಬೆಂಕಿ ಒರಗಿಂದ್ಲೇ ಬತ್ತದೆ ಅನ್ಕಬ್ಯಾಡಿ ಮೇಡಮ್ಮೋರೆ. ನಮ್ಮವ್ವನ ಮನೇಲಿ ಅರೆಬರೆ ಅಸಿ ಉಲ್ಲ ಮೆದೆ ಒಟ್ಬುಟ್ರು. ಯಾರೂ ಕಡ್ಡಿ ಗೀರ್ನಿಲ್ಲ, ಬೀಡಿ ಸೇದ್ನಿಲ್ಲ. ಒಳಗೊಳಗೇ ಕಾದು ಕಾದು ಒಂದಿನ ಮದ್ಯಾನ ಅಂಗೇ ಅತ್ಕತ್ತು. ಕೊಟ್ಗೇಲಿ ಎರಡು ಅಸ ಇದ್ದೋ..." ಅವತ್ತಿನಿಂದ ಅವರ ತೌರಿನಲ್ಲಿ ದಿನಾ ಸಂಜೆ ಮೆದೆಯೊಳಗೆ ಕೈ ಹಾಕಿ ನೋಡುವುದು ರೂಢಿಯಾಯಿತಂತೆ. "ಈ ಎಣ್ಣೆಬಟ್ಟೆನೂ ಅಂಗೇ ಕಣವ್ವ. ಮುದ್ದೆ ಮಾಡುದ್ರೆ ಕಾಯ್ತದೆ. ನಾನು ಮುಟ್ ನೋಡಿವ್ನಿ."

ನಾನು ಬಿ.ಕಾಂ. ಓದಿದವಳು. ಹುಲ್ಲಿಗೂ ಚಿಂದಿಗೂ ಎತ್ತಣಿಂದೆತ್ತ ಸಂಬಂಧ ಅಂದುಕೊಂಡೆ.

ಕಂಪನಿಯವರು ಬರುವ ಹಿಂದಿನ ದಿನ ಮ್ಯಾನೇಜರು ಷೆಡ್ಡಿನ ಮುಂದೆ ನಿಂತು ಆ ತಂತಿ ನೋಡಿದರು. "ಇದೇನ್ರೀ ಧೋಬಿಘಾಟು? ನಾಳೆ ಇದು ಕಣ್ಣಿಗೆ ಬೀಳಕೂಡದು" ಎಂದು ಹೊರಟುಹೋದರು. ತಂತಿ ತುಂಬ ಆಗಷ್ಟೇ ಹರವಿದ ಹಸಿ ಎಣ್ಣೆಬಟ್ಟೆ. ಎಲ್ಲವನ್ನೂ ತೆಗೆದು ಚೀಲಕ್ಕೆ ತುಂಬು ಎಂದು ಷೆಡ್ಡಮ್ಮನಿಗೆ ಹೇಳಿದೆ.

"ತುಂಬ್ಬ್ಯಾಡಿ ಕಣವ್ವ, ನಿಮ್ ದಮ್ಮಯ್ಯ. ಬೇಕಾದ್ರೆ ಹಿಂದ್ಗಡೆ ಬೇಲಿ ಮ್ಯಾಲೆ ಅರವ್ತೀನಿ."

ಬೇಲಿ ರಸ್ತೆಗೆ ಕಾಣುತ್ತಿತ್ತು. ಒಂದು ದಿನದ ಮಟ್ಟಿಗೆ ತಾನೇ ಅಂದೆ. ಅವರು ಕೈಕಟ್ಟಿ ನಿಂತರು, ಮಾಡಲಿಲ್ಲ. ಅವತ್ತು ಲೋಡು ಇಳಿಸಲು ಬಂದಿದ್ದ ಇಬ್ಬರು ಕೂಲಿಯವರನ್ನು ಕರೆದು ನಾನೇ ನಿಂತು ತುಂಬಿಸಿದೆ. ಕಾಲಿನಿಂದ ತುಳಿದು ತುಂಬಿದರು. ಚೀಲವನ್ನು ಗೋಡೌನಿನಲ್ಲಿ ರಟ್ಟಿನ ಕಟ್ಟುಗಳ ಹಿಂದೆ ಇಡಿಸಿದೆ. ಮೇಲೆ ಥಳುಕು, ಒಳಗೆ ಹುಳುಕು ಅನ್ನುತ್ತಾರಲ್ಲ, ಅದಕ್ಕೆ ನಾನೇ ಕೈಯಾರೆ ಜಾಗ ಮಾಡಿಕೊಟ್ಟೆ. ಹೋಗುವಾಗ ಷೆಡ್ಡಮ್ಮನಿಗೆ "ನಾಳೆ ನೀನು ಬರಬೇಡ, ರಜ ತಗೋ" ಅಂದೆ. ಅವರ ಹರಿದ ಸೀರೆ ದೊಡ್ಡವರ ಕಣ್ಣಿಗೆ ಬೀಳುವುದು ನನಗೆ ಬೇಕಿರಲಿಲ್ಲ. ಅದೂ ಅವರಿಗೆ ಅರ್ಥವಾಯಿತು ಅಂತ ಕಾಣುತ್ತದೆ. ಸೆರಗು ಸರಿಮಾಡಿಕೊಂಡು ಹೋದರು.

ಮಾರನೆಯ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕಂಪನಿಯವರು ಡ್ರಮ್ಮುಗಳ ಮುಂದೆ ನಿಂತಿದ್ದರು. ನೇತುಹಾಕಿದ ಚಕ್ಕೆ, ರಟ್ಟು ನೋಡಿ ಬಹಳ ಮೆಚ್ಚಿಕೊಂಡು ಫೋಟೋ ತೆಗೆದರು. ನಾನು ವಿವರಿಸುತ್ತಿದ್ದೆ. ಆಗ ಬಂತು ಆ ವಾಸನೆ. ಕಮಟು, ಸಿಹಿ, ಅದರ ಜೊತೆ ಇನ್ನೇನೋ ಸೀದದ್ದು... ನನಗೆ ಗೊತ್ತಾಯಿತು. ನಿಜ ಹೇಳುತ್ತೇನೆ, ಆ ಕ್ಷಣಕ್ಕೇ ಗೊತ್ತಾಯಿತು. ಆದರೂ ಬಾಯಿ ನಿಲ್ಲಲಿಲ್ಲ, ಕಾಲು ಕೀಳಲಿಲ್ಲ. ಗೋಡೌನಿನೊಳಗೆ ಆರು ಜನ ಪ್ಯಾಕಿಂಗ್ ಮಾಡುತ್ತಿದ್ದರು. ಸೆರಗಿನಲ್ಲಿ ಕೆಂಡ ಕಟ್ಟಿಕೊಂಡವಳ ಹಾಗೆ ನಿಂತು ನಗುನಗುತ್ತಾ ಮಾತಾಡುತ್ತಲೇ ಇದ್ದೆ.

ಷೆಡ್ಡಮ್ಮ ಬಂದದ್ದು ಆಗ. ಬೇಡ ಅಂದರೂ ಬಂದಿದ್ದರು, ಒಗೆದ ಸೀರೆ ಉಟ್ಟು. ಯಾರನ್ನೂ ನೋಡದೆ ನೆಟ್ಟಗೆ ಗೋಡೌನಿಗೆ ನುಗ್ಗಿ, ರಟ್ಟಿನ ಕಟ್ಟು ದೂಡಿ, ಚೀಲದೊಳಗೆ ಕೈ ಹಾಕಿದರು. "ಆಚಿಕ್ಕೋಗ್ರೋ, ಎಲ್ಲಾ ಆಚಿಕ್ಕೋಗಿ!" ಎಂದು ಕೂಗಿ ಚೀಲವನ್ನು ದರದರ ಬಯಲಿಗೆ ಎಳೆದು ತಂದರು. ಗಾಳಿ ಸೋಕಿದ್ದೇ ತಡ, ಚೀಲ ಭಗ್ಗೆಂದಿತು. ಮರಳು ಸುರಿದು ಆರಿಸುವಷ್ಟರಲ್ಲಿ ಅವರ ಬಲಗೈ ಅಂಗೈ ಬೆಂದಿತ್ತು.

ಚೀಲ ಅಲ್ಲಿಟ್ಟವರು ಯಾರು ಎಂದು ಮ್ಯಾನೇಜರು ಎಲ್ಲರ ಮುಂದೆ ಕೇಳಿದರು. ಕೂಲಿಯವರು ಅವತ್ತು ಬಂದಿರಲಿಲ್ಲ.

"ಮೇಡಮ್ಮೋರು ಮಡಗ್ಸಿದ್ರು" ಅಂದರು ಷೆಡ್ಡಮ್ಮ. ದೂರು ಹೇಳುವ ದನಿಯಲ್ಲ, ಕೇಳಿದ್ದಕ್ಕೆ ಹೇಳಿದ್ದು ಅಷ್ಟೇ.

"ಇಲ್ಲ ಸಾರ್, ನಾನು ಹೇಳಿಲ್ಲ" ಅಂದೆ.

ಎಷ್ಟು ಸಲೀಸಾಗಿ ಬಂತು ಆ ಮಾತು! ಅವರು ನನ್ನ ಮುಖ ನೋಡಿದರು. ನೀರಿನ ಬಕೆಟ್ಟಿನಲ್ಲಿ ಅದ್ದಿದ ಕೈ ಹಾಗೇ ಇತ್ತು. "ಆಯ್ತು ಬುಡಿ" ಅಂದರು. ಮಧ್ಯಾಹ್ನದೊಳಗೆ ಅವರನ್ನು ಕೆಲಸದಿಂದ ತೆಗೆದರು. ತಪ್ಪು ಮಾಡಿದವರನ್ನು ತೆಗೆದಾಯಿತೆಂದು ಕಂಪನಿಯವರೂ ಒಪ್ಪಿದರು, ಆ ತಿಂಗಳೇ ನನ್ನ ಕೆಲಸ ಖಾಯಂ ಆಯಿತು.

ಆಮೇಲೆ ಷೆಡ್ಡಿನ ಹಿಂದೆ ತಂತಿಯನ್ನು ನಾನೇ ಮತ್ತೆ ಕಟ್ಟಿಸಿದೆ. ಹೊಸಬರಿಗೆ ಎಣ್ಣೆಬಟ್ಟೆ ಹರವುವುದನ್ನು ಕಲಿಸಿದೆ. ಸಂಜೆ ಎಲ್ಲರೂ ಹೋದ ಮೇಲೆ ಡ್ರಮ್ಮಿಗೆ ಕೈ ಹಾಕಿ ನೋಡುತ್ತಿದ್ದೆ. ಎಷ್ಟು ನೋಡಿದರೂ ಸಮಾಧಾನವಿಲ್ಲ. ಅರ್ಧ ದಾರಿಯಿಂದ ವಾಪಸ್ಸು ಬಂದು ನೋಡಿದ್ದೂ ಉಂಟು. ಷೆಡ್ಡಮ್ಮನ ಮನೆಗೆ ಹೋಗಬೇಕೆಂದು ಎಷ್ಟೋ ಸಲ ಹೊರಟು ಮದ್ದೂರಿನ ಬಸ್‌ಸ್ಟ್ಯಾಂಡಿನಿಂದಲೇ ಹಿಂದಿರುಗಿದೆ. ಏನು ಭಯವೋ... ಬೈದರೆ ಅಂತಲೂ ಭಯ, ಬೈಯದಿದ್ದರೆ ಅಂತಲೂ ಭಯ.

ಕೊನೆಗೂ ಹೋದದ್ದು ಹೋದ ವರ್ಷ. ಅವರು ತೀರಿಕೊಂಡು ಎರಡು ವರ್ಷವಾಗಿತ್ತು. ಸೊಸೆ ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟರು. ನೀವ್ಯಾರು ಅಂದಾಗ, ಫ್ಯಾಕ್ಟರಿಯಲ್ಲಿ ಜೊತೆಗಿದ್ದೆ ಅಂದೆ. ಹಿಂದುಗಡೆ ಹುಲ್ಲಿನ ಮೆದೆ ಕಾಣುತ್ತಿತ್ತು.

"ನಮ್ಮತ್ತೆಗೆ ಸುಟ್ಟ ಮ್ಯಾಲೆ ಆ ಅಂಗೈಗೆ ಬಿಸಿ ತಣ್ಣಗೆ ಒಂದೂ ಗೊತ್ತಾಯ್ತಿರ್ನಿಲ್ಲ" ಅಂದರು ಸೊಸೆ. "ಸಂಜೆಯಾದ್ರೆ ನನ್ ಕೈಯ ಮೆದೆಗೆ ಆಕ್ಸದು. 'ಬೆಚ್ಚಗದಾ? ನೆಟ್ಟಗೆ ನೋಡೆ' ಅನ್ನದು. ಇಲ್ಲ ಅಂದ್ರೂ ನಂಬ್ತಿರ್ನಿಲ್ಲ. ಎಡಗೈಲಿ ನೋಡು ಅತ್ತೆ ಅಂದ್ರೆ, ಅದ್ಕೆ ಗೊತ್ತಾಗಕಿಲ್ಲ ಕಣೆ ಅನ್ನದು. ಎದುರ್ಕಂಡೇ ಓಯ್ತು ಪಾಪ."

ನಾನೇ ಕೇಳಿದೆ, ಫ್ಯಾಕ್ಟರಿಯವರ ಬಗ್ಗೆ ಏನಾದರೂ ಅನ್ನುತ್ತಿದ್ದರಾ ಎಂದು.

"ಯಾರೋ ಒಬ್ರು ಮೇಡಮ್ಮೋರ ಸುದ್ದಿ ಏಳದು. ಸುಳ್ಳೇಳುದ್ರಂತೆ. 'ಎದುರ್ಕಂಡು ಅಂದ್ಬುಡ್ತು ಕಣೆ, ಎಳೇ ಉಡುಗಿ' ಅನ್ನದು."

ಕಾಫಿ ಲೋಟ ಕೆಳಗಿಟ್ಟೆ. ಅದು ನಾನೇ ಎಂದು ಹೇಳಲು ಅಷ್ಟು ಒಳ್ಳೆಯ ಗಳಿಗೆ ಇನ್ನೊಂದು ಸಿಕ್ಕುತ್ತಿರಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ಎದ್ದುಬಂದೆ.

ಕಳೆದ ವಾರ ಸಂಜೆ ಬಡಗಿ ಸಾಮಾನು ಕಟ್ಟಿಕೊಳ್ಳುತ್ತಾ, ತಂತಿಯ ಮೇಲೆ ಒಣಗಿ ಸೆಟೆದಿದ್ದ ಬಟ್ಟೆಯನ್ನು ನಾನು ಮುಟ್ಟಿ ಮುಟ್ಟಿ ನೋಡುವುದನ್ನು ಕಂಡ. ಅದು ತಣ್ಣಗಿತ್ತು. ನಾನು ಆಗಲೇ ನಾಲ್ಕನೇ ಸಲ ನೋಡುತ್ತಿದ್ದೆ.

"ಇದ ಯಾರು ಏಳ್ಕೊಟ್ರಮ್ಮ ನಿಮ್ಗೆ?" ಅಂದ.

"ಹಿಂದೆ ಫ್ಯಾಕ್ಟರಿಯಲ್ಲಿ ಒಬ್ಬರಿದ್ದರು."

"ಯಾರಾರೂ ಸುಟ್ಕಂಡಿದ್ರಾ ಅಲ್ಲಿ?"

ಯಜಮಾನರು ಬಾಗಿಲಲ್ಲೇ ನಿಂತಿದ್ದರು, ನನ್ನ ಮುಖವನ್ನೇ ನೋಡುತ್ತಾ.

"ಇಲ್ಲಪ್ಪ" ಅಂದೆ.