ದನವಿಲ್ಲದ ಮನೆಗೆ ಬಂದ ಡಾಕ್ಟರು

ವಿಮಲಾ ಟೀಚರೇ, ಆ ಶನಿವಾರ ವೇಣೂರಿನ ನಿಮ್ಮ ಅಂಗಳಕ್ಕೆ ಬಂದದ್ದು ದನದ ಡಾಕ್ಟರಲ್ಲ. ಡಾಕ್ಟರ ಬೈಕಿನಲ್ಲಿ ಬಂದವನು ನಾನು — ಮೂಡುಬಿದಿರೆಯ ಗ್ಯಾರೇಜಿನ ವಾಸು. ಇಷ್ಟು ಬರೆಯಲಿಕ್ಕೆ ಅರುವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ನೀವು ಎಲ್ಲಿದ್ದೀರಿ, ಇದ್ದೀರೋ ಇಲ್ಲವೋ, ಅದೂ ಗೊತ್ತಿಲ್ಲ. ಬರೆದದ್ದು ಪೂರ್ತಿ ಸತ್ಯವೋ ಅರ್ಧವೋ ಎಂಬುದೂ ನನಗೆ ಸ್ಪಷ್ಟವಿಲ್ಲ. ಸ್ಪಷ್ಟವಿರುವಷ್ಟನ್ನು ಮೊದಲು ಹೇಳುತ್ತೇನೆ.

ಡಾಕ್ಟರ ಬೈಕು ಯುದ್ಧದ ಕಾಲದ್ದು. ಎಂಜಿನ್ನಿನ ಬಲಬದಿಯ ಮುಚ್ಚಳದ ಸಂದಿನಿಂದ ಸದಾ ಎಣ್ಣೆ ತೊಟ್ಟಿಕ್ಕುತ್ತಿತ್ತು. ಬಂಟ್ವಾಳದಲ್ಲಿ ಬಿಚ್ಚಿಸಿದ್ದರು, ಬೆಳ್ತಂಗಡಿಯಲ್ಲಿ ಬಿಚ್ಚಿಸಿದ್ದರು, ನಿಂತಿರಲಿಲ್ಲ. ಜನರು ಸಗಣಿ ಸಾರಿಸಿದ ಅಂಗಳ ಹಾಳಾಗಬಾರದೆಂದು ಡಾಕ್ಟರು ಹ್ಯಾಂಡಲಿಗೆ ಒಂದು ತೆಂಗಿನ ಗೆರಟೆ ಕಟ್ಟಿಕೊಂಡು ತಿರುಗುತ್ತಿದ್ದರು. ಯಾರ ಮನೆಯಲ್ಲೇ ನಿಲ್ಲಿಸಲಿ, ಮೊದಲು ಗೆರಟೆಯನ್ನು ಎಂಜಿನ್ನಿನ ಅಡಿಗೆ ಇಡುವುದು, ಆಮೇಲೆ ಹಟ್ಟಿಗೆ ಹೋಗುವುದು. ಊರಿನವರು ಅವರನ್ನು ಗೆರಟೆ ಡಾಕ್ಟರೆಂದೇ ಕರೆಯುತ್ತಿದ್ದರು. ಅವರಿಗೆ ಅದರಿಂದ ಬೇಸರವಿರಲಿಲ್ಲ. ಅಂಥ ಮನುಷ್ಯ.

ಆ ಸೋರಿಕೆಯನ್ನು ನಾನು ನಿಲ್ಲಿಸಿದೆ. ನಿಲ್ಲಿಸಿದೆ ಎಂದುಕೊಂಡೆ. ಹಿಂದೆ ಯಾರೋ ಮುಚ್ಚಳದ ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಎಬ್ಬಿಸಿ ಗೀರು ಬೀಳಿಸಿದ್ದರು. ಆ ಗೀರಿನಲ್ಲೇ ಎಣ್ಣೆಗೆ ದಾರಿ. ಗಾಜಿನ ತುಂಡಿನ ಮೇಲೆ ವಾಲ್ವ್ ಉಜ್ಜುವ ಪೇಸ್ಟ್ ಹಚ್ಚಿ ಎರಡು ದಿನ ಆ ಮುಚ್ಚಳವನ್ನು ತಿಕ್ಕಿದೆ. ಹಳೆಯ ಕ್ಯಾಲೆಂಡರಿನ ರಟ್ಟು ಕತ್ತರಿಸಿ ಪ್ಯಾಕಿಂಗ್ ಮಾಡಿ, ಸಾಬೂನು ಸವರಿ ಕೂರಿಸಿದೆ. ಆಗ ನನಗೆ ಹತ್ತೊಂಬತ್ತು. ಎಸ್ಸೆಸ್ಸೆಲ್ಸಿ ಪಾಸಾಗಿ ಗ್ಯಾರೇಜು ಸೇರಿದವನೆಂದು ಮನೆಯಲ್ಲಿ ಬೈಗುಳ ತಿನ್ನುತ್ತಿದ್ದೆ. ಕೈಯಲ್ಲಾದರೂ ಏನೋ ಉಂಟು ಎಂದು ತೋರಿಸಬೇಕಿತ್ತು.

ಆದರೆ ನಿಂತಿದೆಯೇ ಎಂದು ನೋಡುವುದು ಹೇಗೆ? ಅದು ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಮಾತ್ರ ಸೋರುವ ಜಾಗ. ಗ್ಯಾರೇಜಿನ ನೆಲವೋ, ವರ್ಷಗಟ್ಟಲೆ ಎಣ್ಣೆ ಕುಡಿದು ಕಪ್ಪಾಗಿತ್ತು; ಅಲ್ಲಿ ಹೊಸ ತೊಟ್ಟು ಬಿದ್ದರೆ ಕಾಣುವುದೇ ಇಲ್ಲ. ದೂರ ಓಡಿಸಬೇಕು, ಚೊಕ್ಕ ನೆಲದಲ್ಲಿ ನಿಲ್ಲಿಸಿ ಕಾಯಬೇಕು. ಮಾಲಕರು ಸಾಮಾನಿಗೆ ಬಂಟ್ವಾಳಕ್ಕೆ ಹೋಗಿದ್ದರು. ಗಿರಾಕಿಯ ಗಾಡಿ ಪೇಟೆ ದಾಟಿದರೆ ಕೆಲಸದಿಂದ ತೆಗೆಯುತ್ತೇನೆ ಎಂದು ಅವರು ಹೇಳಿಟ್ಟಿದ್ದರು. ಆದರೂ ವೇಣೂರಿಗೆ ಬಂದೆ. ಬಸ್ಸಿನಿಂದ ಕಾಣುವ ಅಂಗಳಗಳಲ್ಲಿ ನಿಮ್ಮದೇ ಚೊಕ್ಕ, ಅದಕ್ಕೆ ಬಂದೆ — ಹಾಗೆಂದು ನನಗೆ ನಾನೇ ಹೇಳಿಕೊಂಡೆ.

ಅದಷ್ಟೇ ಅಲ್ಲ. ನೀವು ಒಮ್ಮೆ ಸ್ಟವ್ ರಿಪೇರಿಗೆ ತಂದಿದ್ದಿರಿ. "ನಿನ್ನ ಕೈ ಒಳ್ಳೆಯದುಂಟು ವಾಸು" ಎಂದಿದ್ದಿರಿ. ಶನಿವಾರ ಶಾಲೆ ಮಧ್ಯಾಹ್ನವೇ ಬಿಡುತ್ತದೆ, ಬೈಕಿನಲ್ಲಿ ಕೂತ ನನ್ನನ್ನು ನೀವು ನೋಡಬೇಕು ಎಂದು... ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ನೀವು ಶಾಲೆಯಿಂದ ಇನ್ನೂ ಬಂದಿರಲಿಲ್ಲ. ಕಣ್ಣು ಕಾಣದ ನಿಮ್ಮ ಅಜ್ಜಿ ಜಗಲಿಯಲ್ಲಿದ್ದರು.

"ಯಾರದು? ಯಾರ ಗಾಡಿ?"

"ದನದ ಡಾಕ್ಟ್ರು ಅಜ್ಜೀ" ಎಂದೆ.

ಯಾಕೆ ಹಾಗೆಂದೆ? ಹೆದರಿಕೆಯೇ, ತಮಾಷೆಯೇ, ಒಂದು ಗಳಿಗೆ ಡಾಕ್ಟರಾಗುವ ಆಸೆಯೇ — ಪ್ರತಿಸಲವೂ ಬೇರೆ ಉತ್ತರ ಸಿಗುತ್ತದೆ.

"ನಮ್ಮಲ್ಲಿ ದನ ಇಲ್ಲ ಮಗಾ" ಎಂದರು ಅಜ್ಜಿ. "ನೀರು ಬೆಲ್ಲ ಕೊಡ್ಲಾ?"

ಬೇಡವೆಂದೆ. ಕಾಲು ಗಂಟೆ ಕುಕ್ಕರುಗಾಲಿನಲ್ಲಿ ಕೂತು ಎಂಜಿನ್ನಿನ ಅಡಿ ನೋಡಿದೆ. ಒಂದು ತೊಟ್ಟೂ ಬೀಳಲಿಲ್ಲ. ಬಿದ್ದಿರಲಿಲ್ಲ ಎಂದೇ ನನ್ನ ನೆನಪು. ಕಿಕ್ ಹೊಡೆದು ಹೊರಟೆ. ತಿರುಗಿ ನೆಲ ನೋಡಲಿಲ್ಲ. ಸಂಜೆ ಡಾಕ್ಟರಿಗೆ ಬೈಕು ಒಪ್ಪಿಸುವಾಗ, "ಇನ್ನು ಆ ಗೆರಟೆ ಬಿಸಾಡಿ ಡಾಕ್ಟ್ರೇ" ಎಂದೆ. ಅವರು ನಕ್ಕು, ಅಲ್ಲೇ ಬಿಚ್ಚಿ ಚರಂಡಿಗೆ ಎಸೆದರು.

ಮಂಗಳವಾರದ ಹೊತ್ತಿಗೆ ಮಾತು ಮೂಡುಬಿದಿರೆಗೂ ಬಂತು: ಟೀಚರ ಅಂಗಳದಲ್ಲಿ ಎಣ್ಣೆಯ ಕಲೆ ಉಂಟಂತೆ. ಹೋಟೆಲಿನಲ್ಲಿ ಒಬ್ಬ ಕೇಳಿದ, "ದನ ಇಲ್ಲದ ಮನೆಗೆ ದನದ ಡಾಕ್ಟ್ರು ಎಂತಕ್ಕೆ ಮಾರಾಯ? ಅಜ್ಜಿಗೆ ಇಂಜೆಕ್ಷನ್ ಕೊಡ್ಲಿಕ್ಕಾ?" ಎಲ್ಲರೂ ನಕ್ಕರು. ನಾನೂ ನಕ್ಕೆನೇನೋ.

ಅಜ್ಜಿ ತಮಗೆ ಗೊತ್ತಿದ್ದದ್ದನ್ನೇ ಹೇಳಿದರು: ಹೌದು, ಡಾಕ್ಟರು ಬಂದಿದ್ದರು, ಅಂಗಳದಲ್ಲೇ ನಿಂತು ಹೋದರು, ಯಾವ ದಿನವೆಂದು ನೆನಪಿಲ್ಲ. ಡಾಕ್ಟರು ಬಂದೇ ಇಲ್ಲ ಎಂದರು. ಅಲ್ಲಿಗೆ ಮುಗಿಯಿತು. ಬಂದದ್ದು ತಪ್ಪಲ್ಲ, ಬಂದಿಲ್ಲ ಎಂದು ಯಾಕೆ ಹೇಳಬೇಕು ಎಂದಿತು ಊರು. ಡಾಕ್ಟರಿಗೆ ಮದುವೆಯಾಗಿತ್ತು. ನೀವು ಒಂಟಿ ಹೆಣ್ಣು.

ಮರುದಿನ ಡಾಕ್ಟರು ಗ್ಯಾರೇಜಿಗೆ ಬಂದರು. ನಿಮ್ಮ ಶಾಲೆಯ ಸಂಚಾಲಕರು ತಮ್ಮ ಕಾರಿಗಾಗಿ ಅಲ್ಲೇ ಕಾಯುತ್ತಿದ್ದರು. ಅವರು ಇರುವಾಗಲೇ ಡಾಕ್ಟರು ಬೇಕೆಂದೇ ಕೇಳಿದರು:

"ವಾಸು, ನೀನೇ ಹೇಳು. ಲೀಕ್ ನಿಂತಿದೆ ಅಂತ ಹೇಳಿದ್ದು ನೀನಲ್ವಾ? ಮತ್ತೆ ಆ ಕಲೆ ನನ್ನ ಗಾಡಿದು ಹೇಗೆ ಆಗ್ತದೆ?"

ಮಾಲಕರು ನನ್ನನ್ನೇ ನೋಡುತ್ತಿದ್ದರು. ನಿಂತಿದೆ ಎಂದರೆ ಕಲೆ ಎಲ್ಲಿಂದ ಬಂತೆಂದು ಕೇಳುತ್ತಾರೆ. ನಾನು ಹೋಗಿದ್ದೆ ಎಂದರೆ ಕೆಲಸ ಹೋಗುತ್ತದೆ.

"ಹಳೇ ಗಾಡಿ ಡಾಕ್ಟ್ರೇ" ಎಂದೆ. "ಹೇಳ್ಲಿಕ್ಕೆ ಬರುದಿಲ್ಲ."

ಅದರಲ್ಲಿ ಸುಳ್ಳಿರಲಿಲ್ಲ. ಅದೇ ನನ್ನನ್ನು ಇಷ್ಟು ವರ್ಷ ಕಾಡಿದ್ದು. ಸಂಚಾಲಕರು ಎದ್ದು ಹೋದರು. ಆ ತಿಂಗಳೇ ನಿಮ್ಮನ್ನು ಶಾಲೆ ಬಿಡಿಸಿದರು.

ಡಾಕ್ಟರು ಆ ಬೈಕನ್ನು ಮತ್ತೆ ನಮ್ಮಲ್ಲಿಗೆ ತರಲಿಲ್ಲ. ಹಾಗಾಗಿ ನನ್ನ ರಿಪೇರಿಯಿಂದ ಸೋರಿಕೆ ನಿಂತಿತ್ತೋ ಇಲ್ಲವೋ ನನಗೆ ಕೊನೆಗೂ ತಿಳಿಯಲಿಲ್ಲ. ನಿಂತಿದ್ದರೆ ಆ ಕಲೆ ಯಾರದು? ನಿಲ್ಲದಿದ್ದರೆ, ನಾನು ಕೂತು ನೋಡಿದಾಗ ಯಾಕೆ ಬೀಳಲಿಲ್ಲ? ಒಂದು ವೇಳೆ ಬೈಕು ಕೈಗೆ ಬಂದ ಮೇಲೆ, ಸೋಮವಾರ, ಡಾಕ್ಟರು ನಿಜವಾಗಿಯೂ... ಇಲ್ಲ. ಕೆಲವು ವರ್ಷ ಹಾಗೆ ನಂಬಲು ನೋಡಿದೆ. ಅದು ನನಗೆ ಹಗುರವೆನಿಸುತ್ತಿತ್ತು. ಅದಕ್ಕೇ ಅದರ ಮೇಲೆ ನಂಬಿಕೆ ಹೋಯಿತು. ಕಲೆಯನ್ನು ಮೊದಲು ಕಂಡದ್ದು ಶನಿವಾರವೋ ಸೋಮವಾರವೋ, ಅದು ನಿಮಗೆ ಮಾತ್ರ ಗೊತ್ತಿರುವ ವಿಷಯ. ಕೇಳುವ ಹಕ್ಕು ನನಗಿಲ್ಲ. ಕಲೆ ಯಾರದೇ ಇರಲಿ, ಅಜ್ಜಿಯ ಬಾಯಲ್ಲಿ ಬಂದ ಡಾಕ್ಟರು ನಾನೇ.

ನೀವು ಊರು ಬಿಟ್ಟ ದಿನ ಮೂಡುಬಿದಿರೆಯಲ್ಲಿ ಬಸ್ಸು ಬದಲಿಸಿದಿರಿ. ಟ್ರಂಕು ಎತ್ತಲು ಯಾರೂ ಇರಲಿಲ್ಲ. ನೀವು ಗ್ಯಾರೇಜಿನತ್ತ ನೋಡಿ ನನ್ನನ್ನು ಕರೆದಿರಿ. ಬಂದು ಬಸ್ಸಿನ ಮೇಲೆ ಏರಿಸಿಕೊಟ್ಟೆ. ಅಜ್ಜಿ ನಿಮ್ಮ ಕೈ ಹಿಡಿದು ಪಕ್ಕದಲ್ಲೇ ನಿಂತಿದ್ದರು.

"ಉಪಕಾರ ಆಯ್ತು" ಎಂದಿರಿ. "ಎಂತ ವಾಸು, ಮಾತೇ ಇಲ್ಲ?"

ಬಾಯಿ ಬಿಟ್ಟರೆ ಅಜ್ಜಿ ಸ್ವರ ಗುರುತಿಸುತ್ತಾರೆಂದು ಸುಮ್ಮನಿದ್ದೆ, ಟೀಚರೇ. ನನಗೆ ಬೇಸರವಾಗಿದೆ ಎಂದು ನೀವು ತಿಳಿದಿರಬೇಕು. ನಿಮ್ಮ ಮುಖದಲ್ಲಿ ಕರುಣೆ ಇತ್ತು. ಆ ಕರುಣೆಯನ್ನೂ ತೆಗೆದುಕೊಂಡೆ. ಬಸ್ಸು ಹೊರಟಿತು.

ಆ ಶನಿವಾರ ಜಗಲಿಯಿಂದ ಅಜ್ಜಿ ಯಾರದು ಎಂದು ಕೇಳಿದ್ದರು.

ನಾನು ಅಜ್ಜೀ, ವಾಸು. ಗ್ಯಾರೇಜಿನವ. ಡಾಕ್ಟ್ರು ಬರಲಿಲ್ಲ.