ಬಿಸಿಲು ಕಾಣದ ಕೂಸು

ಇಂದಿಗೂ ಎಳೆಗೂಸೊಂದು ಹಾಲು ಕುಡಿಯುವುದನ್ನು ಕಂಡರೆ ನನ್ನ ಕಣ್ಣು ಮೊದಲು ಅದರ ಹಣೆಗೆ ಹೋಗುತ್ತದೆ, ಬೆವರಿದೆಯೇ ಎಂದು. ತೊಂಬತ್ತರ ದಶಕದ ಒಂದು ಮಧ್ಯಾಹ್ನದಿಂದ ಅಂಟಿಕೊಂಡ ಅಭ್ಯಾಸ.

ಆಗ ನಾವು ಠಾಣೆಯ ಪಕ್ಕದ ಕಳವಾ ಎಂಬಲ್ಲಿ, ಸಾಲುಮನೆಗಳ ಚಾಳಿನ ಒಂದೇ ಖೋಲಿಯಲ್ಲಿದ್ದೆವು. ವಿಠ್ಠಲವಾಡಿಗೆ ಕೊಟ್ಟಿದ್ದ ಅಕ್ಕ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಅವ್ವ ಬಿಜಾಪುರದ ಕಡೆಯವಳು, ಬಾಣಂತನವೂ ಅಲ್ಲಿಯದೇ: ಐದು ತಿಂಗಳು ತಾಯಿ, ಮಗು ಹೊಸ್ತಿಲು ದಾಟುವಂತಿಲ್ಲ. ಊರಿನಲ್ಲಾದರೆ ಮಗುವಿಗೆ ಎರೆಯಲು ಬಿಸಿಲು ಬೀಳುವ ಹಿತ್ತಲಾದರೂ ಇತ್ತು. ಇಲ್ಲಿ ಖೋಲಿಯ ಮೂಲೆಯ ಬಚ್ಚಲುಮೋರಿಯಲ್ಲೇ ಸ್ನಾನ. ಇದ್ದ ಒಂದು ಕಿಟಕಿಗೂ ಗಾಳಿ ತಾಕೀತೆಂದು ಅವ್ವ ಹಳೇ ಸೀರೆ ತುರುಕಿದ್ದಳು. ಬಸುರಿನಲ್ಲೂ ಅಕ್ಕ ಹೊರಗೆ ಬಂದದ್ದು ಅಪರೂಪ.

ನಾಲ್ಕನೇ ತಿಂಗಳಲ್ಲಿ ಮಗು ಎರಡು ಗುಟುಕು ಕುಡಿದು ಏದುಸಿರು ಬಿಡತೊಡಗಿತು. ಹಣೆಯೆಲ್ಲ ಬೆವರು.

"ದೃಷ್ಟಿ ಆಗ್ಯಾದ," ಎಂದು ಅವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು.

ಆ ಮಧ್ಯಾಹ್ನ ಮಗುವಿನ ಕೈ ಸೆಟೆದುಕೊಂಡವು, ಕಣ್ಣು ಮೇಲಕ್ಕೆ ಹೋದವು, ತುಟಿ ನೀಲಿಯಾಯಿತು. ಕಿರಿಯವಳಾದ ನಾನು ಆಗಷ್ಟೇ ಬಿ.ಎ. ಮುಗಿಸಿ ಮನೆಯಲ್ಲಿದ್ದೆ. ಮಗುವನ್ನು ಎತ್ತಿಕೊಂಡು ಓಡಿದೆ, ಹಿಂದೆ ಅಕ್ಕ, ಅವ್ವ. ರಿಕ್ಷಾ ಖಾಡಿಯ, ಸಮುದ್ರದ ಹಿನ್ನೀರಿನ, ಸೇತುವೆಯ ಮೇಲೆ ಸಿಕ್ಕಿಹಾಕಿಕೊಂಡಿತು. ಮುಂದೆ ಟ್ರಕ್ಕು, ಹಿಂದೆ ಟ್ರಕ್ಕು. ನನ್ನ ಮಡಿಲಲ್ಲಿ ಮಗುವಿನ ಎದೆ ಏಳುತ್ತಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಆ ಕ್ಷಣ ಈಗಲೂ ನಿದ್ದೆಯಲ್ಲಿ ಬರುತ್ತದೆ. ರಿಕ್ಷಾದವನು ಕೆಳಗಿಳಿದು, "ಬಚ್ಚಾ ಸೀರಿಯಸ್ ಹೈ, ಹಟೋ!" ಎಂದು ಕೂಗುತ್ತ ಒಂದೊಂದೇ ಗಾಡಿ ಸರಿಸಿದ. ಅವನ ಮುಖವನ್ನೂ ನಾನು ಸರಿಯಾಗಿ ನೋಡಲಿಲ್ಲ.

ಠಾಣೆಯ ಮಕ್ಕಳ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಹೃದಯ ಊದಿಕೊಂಡಿತ್ತು. ಹುಟ್ಟಿನಿಂದಲೇ ಬಂದದ್ದೆಂದುಕೊಂಡು ಅಕ್ಕ ಗೋಡೆಗೆ ಒರಗಿಬಿಟ್ಟಳು. ಆದರೆ ಡಾಕ್ಟರಮ್ಮ ಮಗುವಿನ ದಪ್ಪಗಾಗಿದ್ದ ಮಣಿಕಟ್ಟನ್ನು ಹಿಡಿದು ನೋಡಿ, "ಬಚ್ಚೀ ಕೋ ಧೂಪ್ ಮೇ ಲೇ ಜಾತೇ ಹೋ?" ಎಂದು ಕೇಳಿದರು.

"ಬಿಸಲಿಗಾ? ಹಸುಗೂಸನ್ನ ಯಾರರ ಬಿಸಲಿಗೆ ಒಯ್ತಾರೇನು?" ಅವ್ವನಿಗೆ ಸಿಟ್ಟೇ ಬಂತು.

ರಕ್ತ ಪರೀಕ್ಷೆಯ ನಂತರ ಅವರು ಬಿಡಿಸಿ ಹೇಳಿದರು. ಬಿಸಿಲಿಲ್ಲದೆ ತಾಯಿಯಲ್ಲೂ ಮಗುವಿನಲ್ಲೂ ಡಿ ವಿಟಮಿನ್ ಇಲ್ಲ, ಅದಿಲ್ಲದೆ ಮಗುವಿನ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಿದೆ. ಹೃದಯದ ಸ್ನಾಯು ಹಿಂಡಿಕೊಳ್ಳಲು ಅದು ಬೇಕು. ಕೈ ಸೆಟೆದು ಝಟಕೆ ಬಂದದ್ದೂ ಅದಕ್ಕೇ. ಸಲೈನಿನ ಹಾಗೆ ಕ್ಯಾಲ್ಸಿಯಂ ಹನಿಹನಿಯಾಗಿ ಹೋಗುವಾಗ ಅವರು ಕುರ್ಚಿ ಎಳೆದುಕೊಂಡು ಮಂಚದ ಪಕ್ಕದಲ್ಲೇ ಕುಳಿತರು.

"ನನ್ನ ಕೈಯಾರೆ ಕೂಸಿನ್ನ ಕೊಲ್ಲತಿದ್ದೆನಲ್ಲ," ಎಂದು ಅವ್ವ ಅತ್ತಾಗ ನಾನು ಡಾಕ್ಟರಮ್ಮನಿಗೆ ಅನುವಾದಿಸಿದೆ. "ಆಜಿ, ಮೊಮ್ಮಗಳನ್ನು ಗಾಳಿಯಿಂದ ಕಾಪಾಡಿದಿರಿ, ಇನ್ನು ಬಿಸಿಲಿಗೂ ಕರೆದೊಯ್ಯಿರಿ, ಅಷ್ಟೇ," ಎಂದರು ಅವರು. ಒಂದು ಬೈಗುಳವೂ ಇಲ್ಲ. ಮಗುವನ್ನು ಉಳಿಸಿದ್ದಕ್ಕೆ ಎಷ್ಟು ಋಣಿಯೋ, ಅವ್ವನನ್ನು ಆ ದಿನ ಕುಗ್ಗಿಸದೆ ಬಿಟ್ಟದ್ದಕ್ಕೂ ನಾನು ಅಷ್ಟೇ ಋಣಿ.

ಮಗು ಮನೆಗೆ ಬಂದ ಮೇಲೆ ಔಷಧಿಯ ಜೊತೆಗೆ ಬೆಳಗಿನ ಬಿಸಿಲು. ಅವ್ವ ಚಾಳಿನ ಮುಂದೆ ಕಾಲು ಚಾಚಿ, ಮಗುವನ್ನು ಬರಿಮೈಯಲ್ಲಿ ಮಲಗಿಸಿಕೊಳ್ಳುತ್ತಿದ್ದಳು.

"ಕ್ಯಾ ಮೌಸಿ, ಪಾಪಡ್ ಸುಖಾ ರಹೀ ಹೋ?" ಹಪ್ಪಳ ಒಣಗಿಸ್ತಿದ್ದೀಯಾ ಎಂದು ಪಕ್ಕದ ಖೋಲಿಯವಳು ನಗುತ್ತಿದ್ದಳು.

"ಹಾಂ, ಅಭೀ ಪಲಟನಾ ಹೈ," ಎಂದು ಅವ್ವ ಹಪ್ಪಳ ಮಗುಚಿದಂತೆ ಮಗುವನ್ನು ಬೋರಲು ಹಾಕುತ್ತಿದ್ದಳು.

ಕೆಲವು ತಿಂಗಳ ನಂತರ ಕೊನೆಯ ತಪಾಸಣೆ. ಹೃದಯ ಮೊದಲಿನ ಅಳತೆಗೆ ಬಂದಿದೆ, ಇನ್ನು ಅದರ ಔಷಧಿ ಬೇಡ ಎಂದರು. ಅವ್ವ ನಂಬಲಿಲ್ಲ. "ಖರೇನ? ಕೇಳು ಅವರನ್ನ." ಡಾಕ್ಟರಮ್ಮ ನಕ್ಕು, ತಮ್ಮ ಕಿವಿಯ ಸ್ಟೆತಾಸ್ಕೋಪನ್ನೇ ತೆಗೆದು ಅವ್ವನ ಕಿವಿಗೆ ಹಾಕಿ, ಇನ್ನೊಂದು ತುದಿಯನ್ನು ಮಗುವಿನ ಎದೆಗಿಟ್ಟರು. ಅವ್ವ ಕಣ್ಣು ಮುಚ್ಚಿದಳು. ಹೊರಗೆ ರೋಗಿಗಳ ಸಾಲು ಕಾಯುತ್ತಿತ್ತು. ಸಾಕೆಂದು ನಾನು ಅವಳ ಭುಜ ಮುಟ್ಟಿದೆ.

"ತಡಿಯವ್ವಾ," ಎಂದಳು, "ಇನ್ನೊಂಚೂರು ಕೇಳ್ತೀನಿ."