ಮೇಡಂ ಇದ್ದ ಮನೆ

ಶಾಲೆಯ ವ್ಯಾನ್ ಓಡಿಸುವವನಿಗೆ ಎರಡು ಜೊತೆ ಕಣ್ಣು ಬೇಕು, ಒಂದು ರಸ್ತೆಗೆ, ಇನ್ನೊಂದು ಹಿಂದಿನ ಸೀಟಿಗೆ ಎಂದು ಅವನು ತಮಾಷೆ ಮಾಡುತ್ತಿದ್ದ. ಮಕ್ಕಳಿಗೆ ಅವನು ವ್ಯಾನ್ ಮಾಮ. ಯಾರ ಗೇಟಿನ ಮುಂದೆ ಎರಡು ಸಲ ಹಾರನ್ ಹೊಡೆಯಬೇಕು, ಯಾವ ಮಗುವನ್ನು ಕಿಟಕಿ ಪಕ್ಕ ಕೂರಿಸದಿದ್ದರೆ ವಾಂತಿ ಗ್ಯಾರಂಟಿ, ಯಾರಿಬ್ಬರು ಅಕ್ಕಪಕ್ಕ ಕೂತರೆ ಶಾಲೆ ಬರುವಷ್ಟರಲ್ಲಿ ಜುಟ್ಟು ಜುಟ್ಟು ಹಿಡಿದಿರುತ್ತಾರೆ, ಎಲ್ಲ ಅವನಿಗೆ ಬಾಯಿಪಾಠ. ಹೆಂಡತಿ ಬಸುರಿಯಾದಾಗ ಸುಮ್ಮನಿರಲಾರದೆ ಮಕ್ಕಳಿಗೆಲ್ಲ ಹೇಳಿಬಿಟ್ಟಿದ್ದ. "ನನ್ನ ಪಕ್ಕದ ಸೀಟು ಇನ್ಮೇಲೆ ಬುಕ್ ಆಗಿದೆ. ಯಾರೂ ಕಣ್ಣು ಹಾಕೋ ಹಾಗಿಲ್ಲ."

ಹುಟ್ಟಿದ್ದು ಹೆಣ್ಣು. ಕುಡಿಸಿದ ಮೊದಲ ಗುಟುಕು ಹಾಲು ಮೂಗಿನಿಂದ ಹೊರಬಂತು, ಮಗು ನೀಲಿಗಟ್ಟಿತು. ಸಂಜೆಯೊಳಗೆ ದೊಡ್ಡಾಸ್ಪತ್ರೆಗೆ ಸಾಗಿಸಿದರು. ಅಲ್ಲಿನ ಸರ್ಜನ್ ನರೆತ ಕೂದಲಿನ ಹೆಂಗಸು, ಸುತ್ತಿ ಬಳಸಿ ಮಾತಾಡುವವರಲ್ಲ.

"ಅನ್ನನಾಳ ಅರ್ಧಕ್ಕೇ ನಿಂತಿದೆ. ಕೆಳಗಿನ ತುಂಡು ಉಸಿರುನಾಳಕ್ಕೆ ಅಂಟಿಕೊಂಡಿದೆ. ಹೃದಯದಲ್ಲಿ ತೂತಿದೆ. ಎಡಗೈಗೆ ಹೆಬ್ಬೆರಳಿಲ್ಲ, ಅದು ಬಿಡಿ. ಅದೊಂದೇ ಆಗಿದ್ದಿದ್ರೆ ನೀವು ನನ್ನ ಹತ್ರ ಬರ್ತಾನೇ ಇರಲಿಲ್ಲ."

"ಯಾಕೆ ಹೀಗಾಯ್ತು ಡಾಕ್ಟ್ರೇ?"

"ನಮಗೂ ಗೊತ್ತಿಲ್ಲ. ನಿಮ್ಮಿಬ್ಬರ ತಪ್ಪಂತೂ ಅಲ್ಲ."

ಈ ಮಾತನ್ನು ಅವನು ನಂಬಿದ. ಹೆಂಡತಿ ನಂಬಲಿಲ್ಲ. ನುಂಗಿದ ಒಂದೊಂದು ಮಾತ್ರೆಯನ್ನೂ ಎತ್ತಿದ ಒಂದೊಂದು ಕೊಡವನ್ನೂ ನೆನಪಿಗೆ ತಂದುಕೊಂಡು ತಿಂಗಳುಗಟ್ಟಲೆ ತನ್ನನ್ನು ತಾನೇ ವಿಚಾರಣೆ ಮಾಡಿಕೊಂಡಳು.

ಎರಡು ಆಪರೇಷನ್ ಆದಮೇಲೆ ಮಗು ಮನೆಗೆ ಬಂತು. ಉಸಿರುನಾಳವನ್ನು ಬಿಡಿಸಿದ್ದರು. ಅನ್ನನಾಳದ ಮೇಲಿನ ತುದಿಯನ್ನು ಕತ್ತಿನ ಪಕ್ಕಕ್ಕೆ ತಂದು ಹೊರಗೆ ಬಿಟ್ಟಿದ್ದರು. ನುಂಗಿದ ಎಂಜಲೆಲ್ಲ ಆ ತೂತಿನಿಂದ ಸುರಿಯುತ್ತಿತ್ತು, ಅಲ್ಲಿ ಸದಾ ಬಟ್ಟೆ ಒತ್ತಿರಬೇಕು. ಹಾಲು ಹೋಗುವುದು ಹೊಟ್ಟೆಗೆ ಚುಚ್ಚಿದ ನಳಿಕೆಯಿಂದ. ಉಸಿರುನಾಳ ಮೆತ್ತಗಿದ್ದುದರಿಂದ ಕಫ ಕಟ್ಟಿದರೆ ಮುಚ್ಚಿಕೊಂಡುಬಿಡುತ್ತಿತ್ತು. ಅದನ್ನು ಹೀರಿ ತೆಗೆಯಲು ಒಂದು ಮಿಷನ್, ಹೊಲಿಗೆ ಯಂತ್ರದಷ್ಟು ಸದ್ದು ಮಾಡುವಂಥದ್ದು, ಹಾಸಿಗೆಯ ಪಕ್ಕದಲ್ಲೇ ಕೂತಿರುತ್ತಿತ್ತು. ಅಕ್ಕಪಕ್ಕದ ಮನೆಯವರು ಆ ಸದ್ದಿಗೆ ಟೀವಿ ಜೋರು ಮಾಡಿಕೊಳ್ಳುವುದನ್ನು ಕಲಿತರು.

ಮಗುವಿಗೆ ಒಂದು ಹೆಸರಿಟ್ಟಿದ್ದರು, ಆದರೆ ಯಾರೂ ಹಾಗೆ ಕರೆಯಲಿಲ್ಲ. ಹುಬ್ಬು ಗಂಟಿಕ್ಕಿ, ತುಟಿ ಬಿಗಿದು, ಬಂದವರನ್ನೆಲ್ಲ ತಡವಾಗಿ ಬಂದ ಮಕ್ಕಳ ಹಾಗೆ ಅಳೆಯುತ್ತಿದ್ದಳು. ವಾರ್ಡಿನ ನರ್ಸುಗಳೇ ಮೊದಲು "ಮೇಡಂ ಎದ್ರು, ಮೇಡಂಗೆ ಕೋಪ ಬಂತು" ಅನ್ನತೊಡಗಿದರು. ಮನೆಯಲ್ಲೂ ಅದೇ ನಿಂತಿತು.

ದಿನ ಹಂಚಿಕೆಯಾಯಿತು. ಬೆಳಿಗ್ಗೆ ಸಂಜೆ ಅವನಿಗೆ ವ್ಯಾನು, ನಡುವೆ ಔಷಧಿ ಅಂಗಡಿ, ಆಸ್ಪತ್ರೆಯ ಕ್ಯೂ. ಉಳಿದದ್ದೆಲ್ಲ ಹೆಂಡತಿಗೆ. ಅವಳ ತಾಯಿ, ಅವನ ಅತ್ತೆ, ಬಂದಾಗ ಅಡುಗೆ ಮಾಡುತ್ತಿದ್ದರು, ಪಾತ್ರೆ ತೊಳೆಯುತ್ತಿದ್ದರು, ಮಗುವಿನ ನಳಿಕೆ, ಮಿಷನ್ ಮಾತ್ರ ಮುಟ್ಟುತ್ತಿರಲಿಲ್ಲ. ಹೆಂಡತಿ ಒಂದು ಕಾಲದಲ್ಲಿ ಬೀದಿಯ ಸುದ್ದಿಯನ್ನೆಲ್ಲ ನಟನೆ ಮಾಡಿ ಹೇಳುತ್ತಿದ್ದವಳು. ಈಗ ಅವಳ ಬಾಯಲ್ಲಿ ಬರುತ್ತಿದ್ದುದು ಹಾಲೆಷ್ಟು ಹೋಯಿತು, ಬಟ್ಟೆ ಒಣಗಿದವಾ, ಕಫದ ಬಣ್ಣ ಯಾವುದು ಎಂಬುದಷ್ಟೇ. ಅವನಾದರೂ ಹೊರಗೆ ಹೋಗುತ್ತಿದ್ದ. ವ್ಯಾನಿನ ಬಾಗಿಲು ಎಳೆದುಕೊಂಡಾಗ ಎದೆ ಹಗುರಾಗುತ್ತಿತ್ತು, ಹಗುರಾಯಿತಲ್ಲ ಎಂದು ಮೊದಲ ತಿರುವಿನಲ್ಲೇ ನಾಚಿಕೆಯಾಗುತ್ತಿತ್ತು. ಒಂದು ದಿನ ಪುಟ್ಟ ಹುಡುಗಿಯೊಬ್ಬಳು ಹಿಂದಿನಿಂದ ಕೇಳಿದಳು, "ಮಾಮ, ನಿಮ್ಮ ಪಾಪು ವ್ಯಾನಿಗೆ ಯಾವಾಗ ಬರುತ್ತೆ?" "ಮೇಡಂ ಅಲ್ವಾ, ಮೇಡಂಗಳು ವ್ಯಾನಲ್ಲಿ ಬರಲ್ಲ," ಎಂದ. ಮಕ್ಕಳು ನಕ್ಕರು.

ಮೇಡಂಗೆ ಮೂರು ವರ್ಷ ತುಂಬುವ ಹೊತ್ತಿಗೆ ಹೆಂಡತಿಗೆ ಟೈಫಾಯ್ಡ್ ಆಯಿತು. ಮಗುವಿನ ಹತ್ತಿರ ಸುಳಿಯಬೇಡಿ ಎಂದರು ಡಾಕ್ಟರು. ಅವಳನ್ನು ಅವಳ ಅಕ್ಕನ ಮನೆಗೆ ಕಳಿಸಿದರು. ವ್ಯಾನಿಗೆ ಬದಲಿ ಡ್ರೈವರನ್ನು ಹಾಕಿ ಅವನು ಮನೆಯಲ್ಲಿ ನಿಂತ. "ಹೆದರ್ಬೇಡ, ನಂಗೆ ಎಲ್ಲ ಗೊತ್ತು," ಎಂದಿದ್ದ ಹೆಂಡತಿಗೆ. ಅವಳು ಆಟೋ ಹತ್ತಿದ್ದಳು.

ಅವನಿಗೆ ಗೊತ್ತಿದ್ದುದು ಸಂಜೆಯ ಎರಡು ತಾಸು. ದಿನ ಪೂರ್ತಿ ಹೇಗಿರುತ್ತದೆಂದು ಗೊತ್ತಿರಲಿಲ್ಲ. ನಳಿಕೆಗೆ ಹಾಲು ಸುರಿಯುವ ಹಾಗಿಲ್ಲ, ಎತ್ತಿ ಹಿಡಿದು ತಾನಾಗಿ ಇಳಿಯಲು ಬಿಡಬೇಕು. ಅವಸರ ಮಾಡಿದರೆ ಹೊಟ್ಟೆ ನೋವು, ಅಳು, ಅಳುವಿನಿಂದ ಕಫ, ಕಫದಿಂದ ಮಿಷನ್ನು. ಅದು ಮುಗಿದು ಕತ್ತಿನ ಬಟ್ಟೆ ಬದಲಿಸಿ ಒಗೆದು ಹಾಕುವಷ್ಟರಲ್ಲಿ ಮತ್ತೆ ಹಾಲಿನ ಹೊತ್ತು. ನಡುವೆ ತಾನೂ ಎರಡು ತುತ್ತು ತಿನ್ನಬೇಕು, ಅದೂ ಅವಳ ಎದುರಲ್ಲೇ. ಬಾಯಿಗೆ ಏನೂ ಹೋಗದ ಮಗು ಅವನ ತಟ್ಟೆಯನ್ನೇ ಮೈಯೆಲ್ಲ ಕಣ್ಣಾಗಿ ನೋಡುತ್ತಿತ್ತು. ಅವನು ಬಾಗಿಲ ಮರೆಯಲ್ಲಿ ನಿಂತು ಕಳ್ಳನ ಹಾಗೆ ತಿನ್ನಲು ಕಲಿತ.

ಎರಡನೆಯ ವಾರದ ಒಂದು ಮಧ್ಯಾಹ್ನ ಅವನು ಗೋಡೆಗೊರಗಿ ಕೂತಿದ್ದ. ಮೇಡಂ ಚಾಪೆಯ ಮೇಲೆ ಆಡುತ್ತಿದ್ದವಳು ಕೆಮ್ಮಿದಳು. ಕೆಮ್ಮು ಅರ್ಧಕ್ಕೇ ಕಚ್ಚಿಕೊಂಡಿತು. ಎದೆ ಒಳಕ್ಕೆ ಎಳೆಯಿತು, ತುಟಿಯ ಸುತ್ತ ಬೂದಿ ಬಣ್ಣ ಬಂತು. ಮಿಷನ್ ಕೈಗೆಟಕುವಲ್ಲೇ ಇತ್ತು.

ಅವನು ಏಳಲಿಲ್ಲ.

ಕೈಕಾಲು ಬಿದ್ದುಹೋಗಿರಲಿಲ್ಲ. ಮಂಪರೂ ಇರಲಿಲ್ಲ. ತಲೆಯೊಳಗೆ ಒಂದು ಮಾತು ತಣ್ಣಗೆ ಬಂದು ಕೂತಿತ್ತು: ಸುಮ್ಮನಿದ್ದರೆ ಮುಗಿದುಹೋಗುತ್ತದೆ. ಎಷ್ಟು ಹೊತ್ತು ಹಾಗೆ ಕೂತಿದ್ದನೋ ಅವನಿಗೆ ಇಂದಿಗೂ ಗೊತ್ತಿಲ್ಲ. ಮೇಡಂ ಅವನ ಕಡೆ ನೋಡಿದಳು. ಆ ನೋಟದಲ್ಲಿ ಬೇಡಿಕೆಯಿರಲಿಲ್ಲ, ಗಾಬರಿಯೂ ಇರಲಿಲ್ಲ. ಅಪ್ಪ ಮಿಷನ್ ಹಾಕುತ್ತಾನೆ, ಯಾವಾಗಲೂ ಹಾಕುತ್ತಾನೆ, ಇವತ್ತು ಸ್ವಲ್ಪ ನಿಧಾನ, ಅಷ್ಟೇ ಎಂಬಂತೆ ಕಾಯುತ್ತಿದ್ದಳು. ಅವನು ನೆಗೆದು ಸ್ವಿಚ್ ಒತ್ತಿದ.

ಕಫ ಬಂತು, ಉಸಿರು ಬಂತು, ತುಟಿಗೆ ಬಣ್ಣ ಬಂತು. ಸ್ವಲ್ಪ ಹೊತ್ತಿಗೆ ಮೇಡಂ ನೆಲ ತಟ್ಟಿ, ಬಸ್ಸಿನ ಚಿತ್ರ ತೋರಿಸು ಎಂದು ಹುಕುಂ ಮಾಡಿದಳು. ಅವನು ಚಿತ್ರ ತೋರಿಸಿದ. ಅತ್ತೆ ಬಂದಮೇಲೆ ಬಚ್ಚಲಿಗೆ ಹೋಗಿ, ನಲ್ಲಿ ಪೂರ್ತಿ ತಿರುಗಿಸಿ, ಆ ಸದ್ದಿನಲ್ಲಿ ಅತ್ತ.

ಹೆಂಡತಿ ವಾಪಸು ಬಂದಳು. ಅವನು ಬಾಯಿ ಬಿಡಲಿಲ್ಲ. ಬದಲಿಗೆ, ಸರ್ಜನ್ ಹಿಂದೊಮ್ಮೆ ಹೇಳಿದ್ದ ದೊಡ್ಡ ಆಪರೇಷನ್ನಿನ ಬೆನ್ನು ಹತ್ತಿದ. ಜಠರವನ್ನೇ ಮೇಲಕ್ಕೆಳೆದು ಕತ್ತಿನಲ್ಲಿರುವ ಅನ್ನನಾಳದ ತುದಿಗೆ ಜೋಡಿಸುವುದು; ಆಗ ಬಾಯಿಯಿಂದಲೇ ತಿನ್ನಬಹುದು. ಮಗುವನ್ನೂ ಎತ್ತಿಕೊಂಡು ಇಬ್ಬರೂ ಹೋಗಿ ಸರ್ಜನ್ ಎದುರು ಕೂತರು.

"ಮಾಡಬಹುದು," ಎಂದರು ಸರ್ಜನ್. "ಆದ್ರೆ ಈ ಹೃದಯ ಅದನ್ನ ತಡೆದುಕೊಳ್ಳುತ್ತೆ ಅಂತ ನಾನು ಹೇಳಲ್ಲ. ಟೇಬಲ್ ಮೇಲೇ ಹೋಗಬಹುದು. ಉಳಿದ್ರೂ ತಿಂಗಳುಗಟ್ಟಲೆ ವೆಂಟಿಲೇಟರ್. ಮಾಡದೇ ಇದ್ರೆ ಹೀಗೇ, ಎಷ್ಟು ದಿನ ನಡೆಯುತ್ತೋ ಅಷ್ಟು ದಿನ."

"ಬೇಡ," ಎಂದಳು ಹೆಂಡತಿ.

ಆಸ್ಪತ್ರೆಯ ಹೊರಗೆ, ನಿಂತ ವ್ಯಾನಿನೊಳಗೆ, ಅವನು ಹರಿಹಾಯ್ದ. "ನಿಂಗೆ ಸಾಕಾಗಿದೆ. ಅದಕ್ಕೇ ಬೇಡ ಅಂತೀಯ."

"ಹೌದು, ಸಾಕಾಗಿದೆ. ಸಾಕಾಗಿದೆ ಅಂತಾನೂ ಹೇಳ್ತೀನಿ, ಆಪರೇಷನ್ ಬೇಡ ಅಂತಾನೂ ಹೇಳ್ತೀನಿ. ಎರಡೂ ಬೇರೆ ಬೇರೆ. ನೀವು ಎರಡನ್ನೂ ಸೇರಿಸಿ ಹೊಲೀಬೇಡಿ."

"ಮಗು ಉಳೀಲಿ ಅನ್ನೋದು ತಪ್ಪಾ?"

"ಅವಳ ಗಾಯ ಯಾರು ತೊಳೀತಾರೆ? ಆವತ್ತು ಆಪರೇಷನ್ ಹೊಲಿಗೆ ಬಿಚ್ಚುವಾಗ ಅವಳ ಕಾಲು ಹಿಡ್ಕೊಂಡಿದ್ದು ಯಾರು? ನೀವು ಬಾಗಿಲ ಹೊರಗಿದ್ರಿ ರೀ."

ಅವನು ಸ್ಟೇರಿಂಗ್ ಹಿಡಿದುಕೊಂಡು ರಸ್ತೆಯನ್ನೇ ನೋಡುತ್ತ, ಆ ಮಧ್ಯಾಹ್ನದ ಕತೆಯನ್ನು ಹೇಳಿದ. ಮಿಷನ್ ಎಲ್ಲಿತ್ತು, ತಾನೆಲ್ಲಿದ್ದೆ, ತುಟಿಯ ಬಣ್ಣ ಹೇಗಾಯಿತು, ಏನನ್ನೂ ಬಿಡಲಿಲ್ಲ. ಇವಳು ಈಗ ಬಾಗಿಲು ತೆಗೆದು ಇಳಿದು ಹೋಗುತ್ತಾಳೆ ಎಂದುಕೊಂಡ. ಅವಳು ಮಡಿಲಲ್ಲಿದ್ದ ಮಗುವಿನ ಕತ್ತಿನ ಬಟ್ಟೆ ಬದಲಿಸಿದಳು, ಒದ್ದೆಯದನ್ನು ಚೀಲಕ್ಕೆ ಹಾಕಿದಳು.

"ನಂಗೂ ಆಗಿದೆ," ಎಂದಳು. "ಎರಡು ಸಲ."

"ಹೇಳ್ಲೇ ಇಲ್ಲ?"

"ಯಾರಿಗೆ ಅಂತ ಹೇಳ್ಲಿ?"

ಇದರಿಂದ ಗಂಡ ಹೆಂಡಿರ ನಡುವೆ ಎಲ್ಲ ಸರಿಹೋಯಿತು ಎನ್ನುವಂತಿರಲಿಲ್ಲ. ಕೆಲವು ದಿನ ಒಬ್ಬರನ್ನು ಕಂಡರೆ ಒಬ್ಬರಿಗೆ ಭಯ. ಅವನು ಚಪ್ಪಲಿ ಮೆಟ್ಟಿದವನು ಮತ್ತೆ ಒಳಗೆ ಬಂದು ಸುಮ್ಮನೆ ಒಮ್ಮೆ ಇಣುಕಿ ಹೋಗುತ್ತಿದ್ದ. ಅವಳು ಬಚ್ಚಲಲ್ಲಿದ್ದರೂ ಕಿವಿ ಹೊರಗಿಟ್ಟಿರುತ್ತಿದ್ದಳು. ಆಮೇಲೆ ಒಂದು ರೂಢಿ ಬೆಳೆಯಿತು. ಮಗುವನ್ನು ಒಪ್ಪಿಸುವ ಮೊದಲು ಅವಳು ಕೇಳುತ್ತಿದ್ದಳು, "ಇವತ್ತು ಆಗುತ್ತಾ ನಿಮ್ಮ ಕೈಲಿ?" ಆಗಲ್ಲ ಅಂದರೆ ಯಾಕೆ ಎಂದು ಕೇಳುತ್ತಿರಲಿಲ್ಲ, ಅತ್ತೆಯನ್ನೂ ಕರೆಸಿಕೊಂಡು ಇಬ್ಬರೂ ಒಟ್ಟಿಗೇ ಕೂರುತ್ತಿದ್ದರು. ಅವನೂ ಹಾಗೇ ಕೇಳಲು ಕಲಿತ. ಆಪರೇಷನ್ ಮಾಡಿಸಲಿಲ್ಲ.

ಮೇಡಂ ಆಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಬದುಕಿದಳು. ನಾಲ್ಕೇ ಬೆರಳಿನ ಕೈಯಲ್ಲಿ ಬಳಪ ಹಿಡಿದು ಗೋಡೆಯ ಕೆಳಭಾಗವನ್ನೆಲ್ಲ ಗೀಚಿದಳು. ಅಜ್ಜಿಯ ಕನ್ನಡಕ ಕಿತ್ತು ಹಾಕಿಕೊಂಡು ಎಲ್ಲರನ್ನೂ ಗದರಿದಳು. ದನಿ ಗೊರಗೊರ ಎನ್ನುತ್ತಿತ್ತು, ಆದರೆ ಗದರಿಕೆ ಸ್ಪಷ್ಟವಾಗಿತ್ತು. ಒಂದು ಚಳಿಗಾಲದಲ್ಲಿ ನೆಗಡಿ ಎದೆಗಿಳಿಯಿತು.

ಶಾಲೆ ಬಿಟ್ಟ ಹೊತ್ತು. ಅವನು ಮೊದಲ ಸ್ಟಾಪಿನಲ್ಲಿ ನಿಂತಿದ್ದಾಗ ಫೋನ್ ಬಂತು.

"ವ್ಯಾನಲ್ಲಿ ಮಕ್ಕಳಿದ್ದಾರಾ?" ಎಂದಳು ಹೆಂಡತಿ.

"ಇದ್ದಾರೆ."

"ಎಲ್ಲರನ್ನೂ ಬಿಟ್ಟು ಬನ್ನಿ. ಅವಸರ ಬೇಡ."

ಅವಸರ ಬೇಡ ಅಂದದ್ದೇ ಅವನಿಗೆ ಎಲ್ಲ ಹೇಳಿತು. ಕೈ ಗೇರ್ ಬದಲಿಸಿತು. ಹಿಂದೆ ಯಾರೋ ಯಾರದೋ ರಬ್ಬರ್ ಕದ್ದರೆಂದು ಜಗಳ ನಡೆದಿತ್ತು, ಅವನು ತೀರ್ಪು ಕೊಟ್ಟ. ಒಂದೊಂದು ಗೇಟಿನ ಮುಂದೆಯೂ ನಿಲ್ಲಿಸಿದ, ಬ್ಯಾಗು ಇಳಿಸಿಕೊಟ್ಟ. ಕೊನೆಯ ಮಗುವನ್ನು ಕರೆದುಕೊಳ್ಳಬೇಕಾದ ಅಜ್ಜಿ ಬರುವುದು ತಡವಾಯಿತು. ಮಗುವಿನ ಕೈ ಹಿಡಿದು ಗೇಟಿನ ಬಳಿ ನಿಂತ. "ನಿದ್ದೆ ಹತ್ತಿಬಿಡ್ತಪ್ಪ, ತಪ್ಪು ತಿಳ್ಕೋಬೇಡ," ಎಂದು ಅಜ್ಜಿ ಓಡೋಡಿ ಬಂದರು. "ಪರವಾಗಿಲ್ಲಮ್ಮ," ಎಂದ.

ಮನೆಯಲ್ಲಿ ಹೆಂಡತಿ ಚಾಪೆಯ ಮೇಲೆ ಕೂತಿದ್ದಳು. ಮಗುವಿನ ಕತ್ತಿನ ಬಟ್ಟೆ ಆಗತಾನೆ ಬದಲಿಸಿದ್ದು. ಅವನನ್ನು ಕಂಡು, ಅವನು ಕೇಳುವ ಮೊದಲೇ ಅಂದಳು, "ಮಿಷನ್ ಹಾಕಿದೆ ರೀ. ತಕ್ಷಣಾನೇ ಹಾಕಿದೆ."

"ಗೊತ್ತು," ಎಂದ. "ಗೊತ್ತು ಕಣೆ."

ಎಲ್ಲ ಮುಗಿದ ಮರುದಿನ ಅವಳು ಮಲಗಿದವಳು ಒಂದು ಹಗಲು ಪೂರ್ತಿ ಏಳಲಿಲ್ಲ. "ಹೆತ್ತ ಕರುಳು ಹೀಗೂ ನಿದ್ದೆ ಮಾಡುತ್ತಾ," ಎಂದು ಅತ್ತೆ ಸೆರಗು ಬಾಯಿಗಿಟ್ಟುಕೊಂಡರು. "ಮಲಗ್ಲಿ ಬಿಡಿ ಅತ್ತೆ," ಎಂದು ಅವನು ಬಾಗಿಲಿಗೆ ಅಡ್ಡ ಕೂತ. ಪಕ್ಕದ ಮನೆಯಾತ ಬಂದು, "ಬಿಡುಗಡೆ ಆಯ್ತು ಬಿಡಿ, ಮಗೂಗೂ ನಿಮಗೂ," ಎಂದಾಗ ಅವನಿಗೆ ಮೈಯುರಿದು, ಬಂದವರೆಲ್ಲರ ಎದುರೇ ಹೊರಗೆ ಹೋಗು ಎಂದ. ಆತ ಹೇಳಿದ್ದು ಸುಳ್ಳಾಗಿದ್ದರೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ಮಿಷನ್ನನ್ನು ವಾರ್ಡಿಗೆ ಕೊಟ್ಟರು. ಗೋಡೆಗೆ ಸುಣ್ಣ ಬಳಿಸಲಿಲ್ಲ. ಇನ್ನೊಂದು ಮಗುವಿನ ಮಾತನ್ನು ಅತ್ತೆ ಒಂದೆರಡು ಸಲ ಎತ್ತಿದರು, ಆಮೇಲೆ ಕೈಬಿಟ್ಟರು. ಅವನು ಈಗಲೂ ವ್ಯಾನ್ ಓಡಿಸುತ್ತಾನೆ. ಹೆಂಡತಿ ಬೇಕರಿಯೊಂದರಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದಳು.

ಸೇರಿದ ವಾರದಲ್ಲೇ ಒಂದು ಸಂಜೆ, ಊಟಕ್ಕೆ ಕೂತಾಗ ತಟ್ಟೆ ನೋಡುತ್ತ ಹೇಳಿದಳು, "ಅಲ್ಲಿ ಮಕ್ಕಳೆಷ್ಟು ಅಂತ ಕೇಳಿದ್ರು. ಇಲ್ಲ ಅಂದುಬಿಟ್ಟೆ."

ಅವನು ನೀರಿನ ಲೋಟವನ್ನು ಅವಳ ಕಡೆ ಸರಿಸಿದ. "ಸರಿ ಬಿಡು. ಒಬ್ಬಳಿದ್ಲು ಅಂದಿದ್ರೆ ಅನ್ನನಾಳದಿಂದ ಶುರು ಮಾಡ್ಬೇಕಿತ್ತು. ಮುಗಿಯೋ ಹೊತ್ತಿಗೆ ಅಂಗಡಿ ಬಾಗಿಲು ಹಾಕಿರೋರು."

ಅವಳು ನಕ್ಕಳು. ನಗು ಬಹಳ ದಿನದ ಮೇಲೆ ಬಂದದ್ದು, ಬಂದಷ್ಟೇ ಬೇಗ ಮುಖ ಮುದುಡಿತು. ಎಡಗೈಯಿಂದ ಕಣ್ಣೊರೆಸಿಕೊಂಡು, ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸಿ, ತಾನೂ ಉಣ್ಣತೊಡಗಿದಳು.